ಡಲ್ ಆದ ಸಾಲುಗಳು

ನಮ್ಮ ಅಂಗಡಿಯಲ್ಲಿ ಅದಕ್ಕೆ ‘ಡಲ್ ಆಗಿದೆ’ ಎನ್ನುತ್ತಿದ್ದರು. ‘ಅಣ್ಣಾ, ನಾಲ್ಕನೇ ಸಿಸ್ಟಮ್ಮಲ್ಲಿ ಸೆಂಡ್ ಫೈಲ್ ಡಲ್ ಆಗಿದೆ.’ ‘ಸಾರ್, ವೆಬ್‌ಕ್ಯಾಮ್ ಅನ್ನೋದು ಡಲ್ ಇದೆ, ಒತ್ತಿದ್ರೂ ಒತ್ತಕ್ಕಾಗ್ತಿಲ್ಲ.’ ಮೆನು ತೆರೆದರೆ ಮೇಲಿನ ಸಾಲು, ಕೆಳಗಿನ ಸಾಲು ಎರಡೂ ಕಪ್ಪಗೆ ಎದ್ದು ಕಾಣುತ್ತವೆ. ಬಂದವರಿಗೆ ಬೇಕಾದ ಸಾಲೊಂದೇ ಬಣ್ಣ ಬಿಟ್ಟ ಸೀರೆಯಂಚಿನ ಹಾಗೆ ಮಸುಕು. ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಅದನ್ನು ಮೊದಲ ಸಲ ಕಂಡಾಗ ಕನ್ನಡಕ ಮೇಲೇರಿಸಿ, ‘ಇದಕ್ಕೇನಯ್ಯಾ, ರಕ್ತ ಕಮ್ಮಿಯಾಗಿದೆಯಾ?’ ಎಂದು ಕೇಳಿದ್ದರು.

2001ರಿಂದ 2013ರವರೆಗೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಸೈಬರ್ ಕೆಫೆ ನಡೆಸಿದವನು ನಾನು. ಈಗ ಅದೇ ಮಳಿಗೆಯಲ್ಲಿ ಜೆರಾಕ್ಸು, ಲ್ಯಾಮಿನೇಷನ್ನು, ಆನ್‌ಲೈನ್ ಅರ್ಜಿ. ಕೆಫೆ ಅಂದರೆ ಜನ ಗಂಟೆ ಲೆಕ್ಕದಲ್ಲಿ ಕಂಪ್ಯೂಟರ್ ಬಾಡಿಗೆ ಕೊಡುವ ವ್ಯಾಪಾರ ಅಂದುಕೊಂಡಿದ್ದಾರೆ. ಬಾಡಿಗೆ ಗಲ್ಲಾಪೆಟ್ಟಿಗೆಯ ಮಾತು. ಕಸುಬು ಬೇರೆಯೇ ಇತ್ತು: ಆ ಸಾಲು ಯಾಕೆ ಡಲ್ ಆಗಿದೆ ಎಂದು ಹುಡುಕಿ ಹೇಳುವುದು. ಕಂಪ್ಯೂಟರಿಗೆ ಕಾರಣ ಗೊತ್ತು, ಹೇಳುವುದಿಲ್ಲ. ಗಿರಾಕಿಗೆ ಗೊತ್ತಿಲ್ಲ. ನಡುವೆ ನಾನು.

ಈ ಮಸುಕು ಎಲ್ಲಿ ಹುಟ್ಟಿತು ಎಂದು ತಿಳಿದುಕೊಳ್ಳುವ ಹುಚ್ಚು ನನಗೆ ಅಂಗಡಿ ತಣ್ಣಗಾದ ಮೇಲೆ ಹತ್ತಿತು. ಡಾಸ್ ಕಾಲದಲ್ಲಿ ಇದಿರಲಿಲ್ಲ. ಅಲ್ಲಿ ಆಜ್ಞೆ ಟೈಪು ಮಾಡಬೇಕು, ತಪ್ಪಿದರೆ ಅದು ಬಾಯಿಬಿಟ್ಟು ಬೈಯುತ್ತಿತ್ತು: ಆಜ್ಞೆ ಸರಿಯಿಲ್ಲ, ಇಲ್ಲವೇ ಫೈಲಿನ ಹೆಸರು ಸರಿಯಿಲ್ಲ. ಬೈಗುಳವೂ ಒಂದು ಉತ್ತರವೇ. ಮಾತಾಡದೆ ಮುಖ ಬಾಡಿಸಿಕೊಂಡು ಕೂರುವ ರೀತಿಯನ್ನು ಮನೆಮನೆಗೆ ತಂದದ್ದು ಆಪಲ್ ಕಂಪನಿ. 1983ರ ಜನವರಿಯಲ್ಲಿ ಅವರು ಲೀಸಾ ಎಂಬ ಕಂಪ್ಯೂಟರ್ ಹೊರತಂದರು. ಬೆಲೆ 9,995 ಡಾಲರ್, ಅಂದಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ಲಕ್ಷ ರೂಪಾಯಿ. ಪರದೆಯ ನೆತ್ತಿಯಿಂದ ಕೆಳಗಿಳಿಯುವ ಮೆನುವನ್ನು ಅದಕ್ಕಾಗಿ ರೂಪಿಸಿದವರು ಬಿಲ್ ಅಟ್ಕಿನ್ಸನ್. ಜೊತೆಗಿದ್ದವರು ಲ್ಯಾರಿ ಟೆಸ್ಲರ್, ನಾವು ದಿನವಿಡೀ ಬಡಿಯುವ ಕಟ್, ಕಾಪಿ, ಪೇಸ್ಟಿನ ಹಿಂದಿರುವ ಮನುಷ್ಯ. ‘ಈಗ ನೀನು ಬೇರೆ ಸ್ಥಿತಿಯಲ್ಲಿದ್ದೀಯ, ಆ ಕೆಲಸ ಈಗ ಆಗದು’ ಎಂದು ತಂತ್ರಾಂಶ ಹೇಳುವುದು ಟೆಸ್ಲರ್‌ಗೆ ಎಷ್ಟು ಅಸಹ್ಯವಾಗಿತ್ತೆಂದರೆ ತಮ್ಮ ಕಾರಿನ ನಂಬರ್ ಪ್ಲೇಟಿನ ಮೇಲೂ ‘ನೋ ಮೋಡ್ಸ್’ ಎಂದೇ ಬರೆಸಿಕೊಂಡಿದ್ದರು. ಅಂಥವರಿದ್ದ ಮನೆಯಲ್ಲೇ ಡಲ್ ಸಾಲು ಬೆಳೆಯಿತು. ಆಗದ ಕೆಲಸಗಳನ್ನು ಪೂರ್ತಿ ಇಲ್ಲವಾಗಿಸಲು ಬರಲಿಲ್ಲ, ಹಾಗಾಗಿ ಮಸುಕು ಮಾಡಿದರು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

1984ರಲ್ಲಿ ಬಂದ ಮ್ಯಾಕಿಂಟಾಷ್‌ನ ಪರದೆಯಲ್ಲಿ ಬೂದು ಬಣ್ಣವೇ ಇರಲಿಲ್ಲ ಎನ್ನುವುದು ನನಗೆ ಬಹಳ ಹಿಡಿಸಿದ ಸಂಗತಿ. ಅಡ್ಡಕ್ಕೆ 512, ಉದ್ದಕ್ಕೆ 342 ಚುಕ್ಕಿ. ಪ್ರತಿ ಚುಕ್ಕಿಯೂ ಒಂದೋ ಕಪ್ಪು, ಇಲ್ಲವೇ ಬಿಳಿ. ಮತ್ತೆ ಮಸುಕು ಹೇಗೆ? ಅಕ್ಷರದೊಳಗೆ ಒಂದು ಬಿಟ್ಟು ಒಂದು ಚುಕ್ಕಿ ಅಳಿಸಿಬಿಡುವುದು. ಗೆದ್ದಲು ತಿಂದ ಪುಸ್ತಕದ ಅಕ್ಷರವೂ ಹೀಗೇ ಕಾಣುತ್ತದೆ. ಸಾಲನ್ನು ಪೂರ್ತಿ ತೆಗೆಯದೆ ಹೀಗೆ ಉಳಿಸಿಕೊಳ್ಳಲು ಅವರಲ್ಲಿ ಒಳ್ಳೆಯ ಕಾರಣವೂ ಇತ್ತು. ಮೆನುವಿನಲ್ಲಿ ಯಾವುದು ಎಲ್ಲಿದೆ ಎಂಬುದು ಕೈಗೆ ರೂಢಿಯಾಗಬೇಕು, ಇವತ್ತು ಮೂರನೆಯದಾಗಿದ್ದ ಸಾಲು ನಾಳೆ ಎರಡನೆಯದಾಗಬಾರದು. ಇದರ ಬೆಲೆ ಮುಂದೆ ಬೇರೆಯವರ ಎಡವಟ್ಟಿನಿಂದ ಗೊತ್ತಾಯಿತು. ಆಫೀಸ್ 2000ದಲ್ಲಿ ಮೈಕ್ರೋಸಾಫ್ಟ್, ನೀವು ಹೆಚ್ಚು ಬಳಸದ ಸಾಲುಗಳನ್ನು ಮೆನುವಿನಿಂದ ಮುಚ್ಚಿಡುವ ಬುದ್ಧಿವಂತಿಕೆ ತೋರಿಸಿತು. ನಿನ್ನೆ ಇದ್ದದ್ದು ಇವತ್ತಿಲ್ಲ ಎಂದು ಟೈಪಿಂಗ್ ಕಲಿಯಲು ಬರುತ್ತಿದ್ದ ಹುಡುಗಿಯರು ಗಾಬರಿಯಾಗುತ್ತಿದ್ದರು.

ವಿಂಡೋಸ್ ಈ ಮಸುಕನ್ನು 1985ರ ಮೊದಲ ಆವೃತ್ತಿಯ ಹೊತ್ತಿನಿಂದಲೇ ಬೆಳೆಸಿತು. ಅದರಲ್ಲಿ ಪ್ರೋಗ್ರಾಮು ಬರೆಯುವವರ ಕೈಗೆ ಎರಡು ಬೇರೆ ಬೇರೆ ಗುರುತುಗಳಿವೆ. ‘ಗ್ರೇಯ್ಡ್’ ಎಂದರೆ ಸಾಲು ಮಸುಕಾಗುತ್ತದೆ, ಒತ್ತಲಾಗದು. ‘ಡಿಸೇಬಲ್ಡ್’ ಎಂದರೆ ಒತ್ತಲಾಗದು, ಆದರೆ ಮಸುಕೂ ಆಗದು. ನೋಡಲು ಆರೋಗ್ಯವಂತನ ಹಾಗೇ ಇರುತ್ತದೆ. ಎರಡನೆಯದನ್ನು ಯಾವ ಪುಣ್ಯಾತ್ಮ ಯೋಚಿಸಿದನೋ.

ಇನ್ನು ಮೆಸೆಂಜರ್. 1996ರಲ್ಲಿ ಇಸ್ರೇಲಿನ ಮಿರಾಬಿಲಿಸ್ ಎಂಬ ಪುಟ್ಟ ಕಂಪನಿಯ ಹುಡುಗರು ಐಸಿಕ್ಯೂ ಬಿಟ್ಟರು. ಗೆಳೆಯರಲ್ಲಿ ಯಾರು ಈಗ ಕಂಪ್ಯೂಟರ್ ಮುಂದಿದ್ದಾರೆ ಎಂದು ತೋರಿಸುವ ಪಟ್ಟಿ ಜನಸಾಮಾನ್ಯರಿಗೆ ಸಿಕ್ಕಿದ್ದು ಅದರಿಂದ. 1998ರ ಮಾರ್ಚಿನಲ್ಲಿ ಯಾಹೂ ಪೇಜರ್ ಬಂತು, ಮರುವರ್ಷ ಅದೇ ಯಾಹೂ ಮೆಸೆಂಜರ್ ಆಯಿತು. ನಾನು ಅಂಗಡಿ ತೆರೆಯುವ ಹೊತ್ತಿಗೆ ಶಿವಮೊಗ್ಗದಲ್ಲಿ ಇಂಟರ್‌ನೆಟ್ ಅಂದರೆ ಅದೇ. ನಾಲ್ಕು ಕಂಪ್ಯೂಟರು, ವಿಂಡೋಸ್ 98, ಒಂದೇ ಒಂದು ಡಯಲಪ್ ಮೋಡೆಮ್. ಅದು ಕಿರ್ರೋ ಎಂದು ಕೂಗಿ ಸಂಪರ್ಕ ಹಿಡಿದ ಮೇಲೆ ಸಿಕ್ಕಿದ್ದನ್ನು ನಾಲ್ಕೂ ಕಂಪ್ಯೂಟರಿಗೆ ಹಂಚಬೇಕು. ಒಂದು ಗ್ಲಾಸು ಮಜ್ಜಿಗೆಗೆ ನೀರು ಬೆರೆಸಿ ನಾಲ್ಕು ಜನಕ್ಕೆ ಕೊಟ್ಟ ಹಾಗೆ.

ಹಂಚುವ ಕೆಲಸಕ್ಕೆ ಪ್ರಾಕ್ಸಿ ಎಂಬ ತಂತ್ರಾಂಶ ಹಾಕಿದ್ದೆ. ಹೆಚ್ಚಿನ ಡಲ್ ಸಾಲುಗಳ ಮೂಲ ಅದೇ ಎಂದು ತಿಳಿಯಲು ನನಗೆ ಆರು ತಿಂಗಳು ಬೇಕಾಯಿತು. ಬರಹದ ಮಾತುಕತೆ 5050 ಎಂಬ ಬಾಗಿಲಿನಿಂದ ಹೋಗುತ್ತದೆ, ವೆಬ್‌ಕ್ಯಾಮ್ 5100ರಿಂದ. ನನ್ನ ಪ್ರಾಕ್ಸಿಯಲ್ಲಿ ನಾನೇ ಒಂದನ್ನು ತೆರೆದಿದ್ದೆ, ಇನ್ನೊಂದನ್ನು ಮರೆತಿದ್ದೆ. ‘ಊಟ ಆಯ್ತಾ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದು ದುಬೈಗೆ ತಲುಪುತ್ತದೆ, ಮುಖ ಮಾತ್ರ ತಲುಪದು. ಗಂಡನ ಮುಖ ನೋಡಲೆಂದೇ ಸಾಗರದಿಂದ ಬಸ್ಸಿನಲ್ಲಿ ಬಂದ ಹೆಂಗಸೊಬ್ಬರು ‘ಪರವಾಗಿಲ್ಲ ಬಿಡಿ, ಮಾತಾದ್ರೂ ಆಯ್ತಲ್ಲ’ ಎಂದು ಮೂವತ್ತು ರೂಪಾಯಿ ಕೊಟ್ಟು ಹೋದದ್ದು ಈಗಲೂ ನೆನಪಿದೆ. ತಪ್ಪು ನನ್ನದು. ಆಗ ಗೊತ್ತಿರಲಿಲ್ಲ, ದುಡ್ಡು ತೆಗೆದುಕೊಂಡೆ.

ಆ ದಿನಗಳಲ್ಲಿ ಕಾರಣ ಯಾವಾಗಲೂ ಕೈಗೆಟುಕುವಷ್ಟು ಹತ್ತಿರದಲ್ಲಿರುತ್ತಿತ್ತು. ಮೈಕಿನ ಪಿನ್ನು ಹಸಿರು ತೂತಿಗೆ ಚುಚ್ಚಿರುತ್ತದೆ. ಕ್ಯಾಮೆರಾದ ಡ್ರೈವರ್ ಸಿಡಿ ಕಳೆದಿರುತ್ತದೆ. ಕನ್ನಡ ಅಕ್ಷರ ಚೌಕ ಚೌಕವಾಗಿ ಕಾಣುತ್ತದೆ ಎಂದರೆ ವಿಂಡೋಸ್ ಎಕ್ಸ್‌ಪಿಯ ರೀಜನಲ್ ಸೆಟ್ಟಿಂಗ್ಸಿಗೆ ಹೋಗಿ ಒಂದು ಚೌಕಕ್ಕೆ ಗುರುತು ಹಾಕಬೇಕು. ಹಾಕಿದರೆ ಎಕ್ಸ್‌ಪಿಯ ಸಿಡಿ ಕೇಳುತ್ತದೆ. ಎಲ್ಲವೂ ಹತ್ತಡಿ ಅಗಲದ ಮಳಿಗೆಯೊಳಗೇ ಬಗೆಹರಿಯುವ ವ್ಯಾಜ್ಯ.

ನಾನೂ ಸಾಲುಗಳಿಗೆ ಸುಣ್ಣ ಬಳಿದವನೇ ಎಂದು ಒಪ್ಪಿಕೊಳ್ಳಬೇಕು. ಹುಡುಗರು ಬ್ರೌಸರಿನ ಮೊದಲ ಪುಟಕ್ಕೆ ಏನೇನೋ ಹಾಕಿ ಹೋಗುತ್ತಿದ್ದರು. ಮರುದಿನ ಬೆಳಿಗ್ಗೆ ಮೊದಲ ಗಿರಾಕಿಯಾಗಿ ಬ್ಯಾಂಕಿನ ಮೇಡಮ್ ಬಂದು ಕೂತರೆ ನನ್ನ ಮಾನ ಹೋಗುವುದು. ಹಾಗಾಗಿ ವಿಂಡೋಸಿನ ಪಾಲಿಸಿಗಳಿಗೆ ಕೈ ಹಾಕಿ ಮೊದಲ ಪುಟ ಬದಲಿಸುವ ಪೆಟ್ಟಿಗೆಯನ್ನೇ ಡಲ್ ಮಾಡಿದೆ. ಆಮೇಲೆ ರುಚಿ ಹತ್ತಿತು. ಕಂಟ್ರೋಲ್ ಪ್ಯಾನೆಲ್ಲು, ವಾಲ್‌ಪೇಪರು, ರೈಟ್ ಕ್ಲಿಕ್ಕು, ಒಂದೊಂದಾಗಿ ಮುಚ್ಚುತ್ತ ಹೋದೆ. ಊರಿನಲ್ಲಿ ಪಂಚಾಯ್ತಿ ಮೆಂಬರ್ ಆದವನಿಗೆ ಸಿಗುವಂಥ ಸುಖ ಅದು.

ಆ ಗರ್ವ ಇಳಿಸಿದ್ದು 2006-07ರ ಹೊತ್ತಿಗೆ ಮೆಸೆಂಜರಿನ ದಾರಿಯಲ್ಲಿ ಹಬ್ಬಿದ ಹುಳುಗಳು. ಗೆಳೆಯನ ಹೆಸರಿನಲ್ಲೇ ಒಂದು ಲಿಂಕ್ ಬರುತ್ತದೆ, ಒತ್ತಿದರೆ ಮುಗಿಯಿತು. ನಿಮ್ಮ ಪಟ್ಟಿಯಲ್ಲಿರುವ ಎಲ್ಲರಿಗೂ ನಿಮ್ಮ ಹೆಸರಿನಲ್ಲಿ ಅದೇ ಲಿಂಕ್ ಹೋಗುತ್ತದೆ. ಸೊಹಾನಾಡ್ ಎನ್ನುವುದು ಅವುಗಳಲ್ಲೊಂದು. ಅದು ಮಾಡುತ್ತಿದ್ದ ಮೊದಲ ಕೆಲಸಗಳಲ್ಲಿ ಟಾಸ್ಕ್ ಮ್ಯಾನೇಜರನ್ನೂ ರಿಜಿಸ್ಟ್ರಿ ಎಡಿಟರನ್ನೂ ಬಂದ್ ಮಾಡುವುದು ಸೇರಿತ್ತು. ಟಾಸ್ಕ್‌ಬಾರಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ಟಾಸ್ಕ್ ಮ್ಯಾನೇಜರ್’ ಡಲ್. ಕೀಲಿಮಣೆಯಿಂದ ತೆರೆಯಲು ಹೋದರೆ, ‘ನಿಮ್ಮ ಅಡ್ಮಿನಿಸ್ಟ್ರೇಟರ್ ಇದನ್ನು ನಿಲ್ಲಿಸಿದ್ದಾರೆ’ ಎಂಬ ಸಂದೇಶ. ಹುಳು ಹೊಸದೇನೂ ಕಂಡುಹಿಡಿದಿರಲಿಲ್ಲ. ಅಡ್ಮಿನಿಸ್ಟ್ರೇಟರುಗಳಿಗೆಂದು ವಿಂಡೋಸ್ ಇಟ್ಟಿದ್ದ, ನಾನು ಖುಷಿಯಿಂದ ತಿರುಗಿಸುತ್ತಿದ್ದ ಅದೇ ಗುಬ್ಬಿಗಳನ್ನು ಅದೂ ತಿರುಗಿಸಿತ್ತು. ‘ಅಡ್ಮಿನಿಸ್ಟ್ರೇಟರ್ ಅಂದ್ರೆ ನೀವೇ ಅಲ್ವೇನ್ರೀ? ಯಾಕ್ರೀ ನಿಲ್ಸಿದ್ದೀರಿ?’ ಎಂದು ಗಿರಾಕಿ ಜಗಳಕ್ಕೆ ಬಂದರೆ ಏನು ಹೇಳುವುದು? ಅವರ ಕಣ್ಣಿಗೆ ನನ್ನ ಮಸುಕು, ಹುಳುವಿನ ಮಸುಕು ಎರಡೂ ಒಂದೇ.

ಹುಳುವಿನ ಕಾಟ, ಲೈಸೆನ್ಸಿನ ಭಯ ಎರಡೂ ಸೇರಿ 2008ರಲ್ಲಿ ಒಂಬತ್ತು ಕಂಪ್ಯೂಟರುಗಳಲ್ಲಿ ಆರಕ್ಕೆ ಉಬುಂಟು ಎಂಬ ಲಿನಕ್ಸ್ ಹಾಕಿದೆ. ಅದರ ಸಿಡಿಯನ್ನು ಆಗ ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿದ್ದರು. ಅದರಲ್ಲಿದ್ದ ಮೆಸೆಂಜರೇ ಪಿಜಿನ್.

ಪಿಜಿನ್‌ನ ಕಥೆ ಸ್ವಲ್ಪ ಹೇಳಲೇಬೇಕು. ಆ ಕಾಲದಲ್ಲಿ ಒಂದು ಮೆಸೆಂಜರಿನವರು ಇನ್ನೊಂದರವರ ಜೊತೆ ಮಾತಾಡುವಂತಿರಲಿಲ್ಲ. 1999ರ ಜುಲೈನಲ್ಲಿ ಮೈಕ್ರೋಸಾಫ್ಟಿನ ಎಂಎಸ್ಎನ್ ಮೆಸೆಂಜರ್ ಬಂದಾಗ ಎಒಎಲ್‌ನವರ ಮೆಸೆಂಜರಿನಲ್ಲಿದ್ದವರ ಜೊತೆಗೂ ಮಾತಾಡಬಹುದು ಎಂದು ದಾರಿ ಮಾಡಿಕೊಂಡೇ ಬಂತು. ಎಒಎಲ್ ಆ ದಾರಿ ಮುಚ್ಚಿತು. ಮೈಕ್ರೋಸಾಫ್ಟ್ ಬೇರೆ ದಾರಿ ತೋಡಿತು. ಇವರು ಮತ್ತೆ ಮುಚ್ಚಿದರು. ತಿಂಗಳುಗಟ್ಟಲೆ ನಡೆದ ಬೇಲಿ ಜಗಳ, ಕೊನೆಗೆ ಮೈಕ್ರೋಸಾಫ್ಟೇ ಕೈಬಿಟ್ಟಿತು. ಇದಕ್ಕೂ ಮೊದಲೇ, 1998ರ ಕೊನೆಯಲ್ಲಿ, ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಮಾರ್ಕ್ ಸ್ಪೆನ್ಸರ್ ಲಿನಕ್ಸಿಗಾಗಿ ಗೈಮ್ ಎಂಬ ಮೆಸೆಂಜರ್ ಬರೆಯಲು ಶುರುಮಾಡಿದ್ದರು. ಬರಬರುತ್ತ ಅದು ಎಲ್ಲ ಮೆಸೆಂಜರುಗಳ ಭಾಷೆಯನ್ನೂ ಕಲಿಯಿತು. ಹೆಸರಿನ ಬಗ್ಗೆ ಎಒಎಲ್ ತಕರಾರು ತೆಗೆದದ್ದರಿಂದ 2007ರಲ್ಲಿ ಪಿಜಿನ್ ಆಯಿತು. ಪಿಜಿನ್ ಅಂದರೆ ಬೇರೆ ಬೇರೆ ಭಾಷೆಯವರು ವ್ಯಾಪಾರಕ್ಕೆಂದು ಕೂಡಿಸಿಕೊಳ್ಳುವ ಬೆರಕೆ ಮಾತು. ಸಂತೆಯ ಮಾತು ಎನ್ನಿ.

ಸಂತೆಯ ಮಾತಿನಲ್ಲಿ ಎಲ್ಲವನ್ನೂ ಹೇಳಲಾಗದು, ಹಾಗಾಗಿ ಪಿಜಿನ್‌ನಲ್ಲಿ ಡಲ್ ಸಾಲುಗಳೂ ಧಾರಾಳ. ಇಲ್ಲಿ ನನಗೊಂದು ಅದೃಷ್ಟವಿತ್ತು. ಇದು ತೆರೆದ ತಂತ್ರಾಂಶ, ಒಳಗಿನ ಬರವಣಿಗೆಯನ್ನು ಯಾರು ಬೇಕಾದರೂ ಓದಬಹುದು. ಇಂಜಿನಿಯರಿಂಗ್ ಓದುತ್ತಿದ್ದ ಹುಡುಗನೊಬ್ಬ ಪ್ರಿಂಟು ತೆಗೆದು ಕೌಂಟರಿನ ಮೇಲೆ ಹರಡಿ ತೋರಿಸಿದ. ಪ್ರತಿಯೊಂದು ಮೆಸೆಂಜರ್ ಭಾಷೆಗೂ ಒಂದು ಪಟ್ಟಿ. ಆ ಭಾಷೆಗೆ ಏನೇನು ಬರುತ್ತದೋ ಅದರ ಎದುರಿನ ಮನೆ ತುಂಬಿರುತ್ತದೆ, ಬಾರದ್ದರ ಎದುರು ಖಾಲಿ. ಫೈಲು ಕಳಿಸುವ ಮನೆ ಖಾಲಿಯಿದ್ದರೆ ‘ಸೆಂಡ್ ಫೈಲ್’ ಡಲ್. ಇನ್ನೊಂದು ಕಡೆ ‘ಸಂಪರ್ಕ ಬೇಕಾದವು’ ಎಂಬ ಅರ್ಥದ ಹೆಸರು ಹೊತ್ತ ಪಟ್ಟಿ: ಹೊಸ ಸಂದೇಶ, ಚಾಟ್ ಸೇರುವುದು, ಗೆಳೆಯರನ್ನು ಸೇರಿಸುವುದು ಮುಂತಾಗಿ. ಒಂದು ಖಾತೆಯೂ ಆನ್‌ಲೈನ್ ಇಲ್ಲದಿದ್ದರೆ ಇವೆಲ್ಲ ಒಟ್ಟಿಗೆ ಮಂಕಾಗುತ್ತವೆ. ಆ ಬರವಣಿಗೆಯಲ್ಲಿ ಡಲ್ ಎನ್ನುವ ಮಾತಿಲ್ಲ, ಬೂದು ಎನ್ನುವ ಮಾತೂ ಇಲ್ಲ. ಸಾಲಿಗೆ ‘ಸೆನ್ಸಿಟಿವಿಟಿ’ ಇದೆಯೋ ಇಲ್ಲವೋ ಎನ್ನುತ್ತಾರೆ. ಮುಟ್ಟಿದರೆ ಗೊತ್ತಾಗುತ್ತದೆಯೋ ಇಲ್ಲವೋ ಎಂದು. ಏಳು ವರ್ಷ ಕತ್ತಲಲ್ಲಿ ತಡಕಿದವನಿಗೆ ಆ ಹಾಳೆಗಳು ಪಂಚಾಂಗ ಸಿಕ್ಕ ಹಾಗೆ. ಪ್ರಿಂಟಿನ ದುಡ್ಡು ತೆಗೆದುಕೊಳ್ಳಲಿಲ್ಲ.

ಆದರೆ ಅದು ಸಿಕ್ಕಿದ್ದು ಒಂದು ವಾರ ತಡವಾಗಿ.

ರಕ್ತ ಕಮ್ಮಿಯಾಗಿದೆಯಾ ಎಂದು ಕೇಳಿದ್ದ ಆ ಮೇಷ್ಟ್ರ ಮಗಳು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದಳು. (ಲೀಸಾ ಹುಟ್ಟಿದ ಕುಪರ್ಟಿನೊ ಅದರ ಮಗ್ಗುಲಿನ ಊರು, ಡಲ್ ಸಾಲಿನ ತವರು.) ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದಿಲ್ಲ ಎಂದು ಹಟ ಹಿಡಿದಿದ್ದ ಮೇಷ್ಟ್ರಿಗೆ ಉಬುಂಟು ಕಂಪ್ಯೂಟರು ಇಷ್ಟವಾಯಿತು. ಕೇದಗೆ, ಮಲ್ಲಿಗೆ ಎಂಬ ಹೆಸರಿನ ಕನ್ನಡ ಅಕ್ಷರಗಳು ಅದರಲ್ಲಿದ್ದವು, ಹೆಸರು ಕೇಳಿಯೇ ಸೋತರು. ಆರನೇ ಕಂಪ್ಯೂಟರಿನಲ್ಲಿ ಅವರಿಗೆಂದೇ ಒಂದು ಲಾಗಿನ್ ಮಾಡಿಕೊಟ್ಟಿದ್ದೆ. ಬೆಳಿಗ್ಗೆ ಎಂಟಕ್ಕೆ ಬರುತ್ತಿದ್ದರು; ಮಗಳಿಗೆ ಹಿಂದಿನ ದಿನದ ಸಂಜೆ ಏಳೂವರೆ. ಒಂದು ಬೆರಳಿನಲ್ಲಿ ಕುಟ್ಟುತ್ತ, ಒತ್ತಕ್ಷರ ತಪ್ಪಿದರೆ ಅಳಿಸಿ ಮತ್ತೆ ಬರೆಯುತ್ತ, ಹತ್ತು ಸಾಲಿಗೆ ಒಂದು ಗಂಟೆ.

ಒಂದು ದಿನ ಅವರ ಪಿಜಿನ್‌ನಲ್ಲಿ ‘ಬಡ್ಡೀಸ್’ ಮೆನುವಿನ ಮುಖ್ಯ ಸಾಲುಗಳೆಲ್ಲ ಡಲ್. ‘ನೋಡಯ್ಯಾ, ಇವತ್ತು ಪೂರ್ತಿ ಮನೆಗೇ ಕಾಯಿಲೆ’ ಎಂದರು. ಅಂಗಡಿ ತುಂಬ ಸಿಇಟಿ ಹುಡುಗರ ಗದ್ದಲ. ವಿಂಡೋಸಿನ ಅಭ್ಯಾಸಬಲದಿಂದ ಪಿಜಿನ್ ಕಿತ್ತು ಮತ್ತೆ ಹಾಕಿದೆ. ಹೋಗಲಿಲ್ಲ. ಹಳೆಯ ಕಸ ಉಳಿದಿರಬೇಕೆಂದು ಅವರ ಲಾಗಿನ್ನಿನಲ್ಲಿ ಅಡಗಿದ್ದ ಪಿಜಿನ್ ಫೋಲ್ಡರನ್ನೂ ಅಳಿಸಿದೆ, ಖಾತೆಯನ್ನು ಹೊಸದಾಗಿ ಸೇರಿಸಿದೆ. ಸಾಲುಗಳು ಕಪ್ಪಾದವು. ಮೇಷ್ಟ್ರು ಬೆನ್ನು ತಟ್ಟಿದರು. ಮೂರು ದಿನ ಬಿಟ್ಟು ಬಂದು, ‘ಹಳೇದೆಲ್ಲ ಎಲ್ಲಿಟ್ಟಿದ್ದೀಯಪ್ಪಾ?’ ಎಂದು ಕೇಳಿದರು. ಪಿಜಿನ್ ಎಲ್ಲ ಮಾತುಕತೆಯನ್ನೂ ತಾರೀಕು ಹಾಕಿ ಆ ಫೋಲ್ಡರಿನೊಳಗೇ ಇಡುತ್ತಿತ್ತು. ಅವರು ಬರುವ ದಿನವೆಲ್ಲ ಮೊದಲು ಹಿಂದಿನದನ್ನು ಓದಿಕೊಂಡು ಆಮೇಲೆ ಬರೆಯುತ್ತಿದ್ದರಂತೆ. ಅದರಲ್ಲಿ ಮಗಳು ಬಸುರಿಯಾದ ಸುದ್ದಿ ಹೇಳಿದ ದಿನವೂ ಇತ್ತು.

ಹುಡುಗ ಆ ಹಾಳೆಗಳನ್ನು ತಂದ ದಿನ ಕಾರಣ ಗೊತ್ತಾಯಿತು. ಖಾತೆಗಳ ಪಟ್ಟಿಯಲ್ಲಿ ಹೆಸರಿನ ಹಿಂದೆ ಒಂದು ಪುಟ್ಟ ಚೌಕವಿರುತ್ತದೆ. ಅದರಲ್ಲಿನ ಗುರುತು ತಪ್ಪಿಹೋಗಿತ್ತು, ಅಷ್ಟೇ. ಖಾತೆ ಚಾಲೂ ಇಲ್ಲ, ಸಂಪರ್ಕವಿಲ್ಲ, ಎಲ್ಲವೂ ಡಲ್. ಕಂಟ್ರೋಲ್ ಹಿಡಿದು ‘ಎ’ ಒತ್ತಿ, ಚೌಕಕ್ಕೆ ಒಂದು ಗುರುತು ಹಾಕಿದ್ದರೆ ಮುಗಿಯುತ್ತಿತ್ತು. ಮೇಷ್ಟ್ರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದನ್ನೇ ಅಲ್ಲಿ ಬರೆದಿದ್ದರೆ ಏನು ಕಷ್ಟವಿತ್ತು ಅದಕ್ಕೆ? ಖಾತೆ ಚಾಲೂ ಇಲ್ಲ ಅಂತ?’ ಎಂದರು. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಅದೇ 2008ರಲ್ಲಿ ಜೋಯೆಲ್ ಸ್ಪೋಲ್ಸ್ಕಿ ಎಂಬ ಹೆಸರಾಂತ ಪ್ರೋಗ್ರಾಮರ್ ಕೂಡ, ಸಾಲನ್ನು ಮುಚ್ಚಬೇಡಿ, ಮಸುಕೂ ಮಾಡಬೇಡಿ, ಒತ್ತಲು ಬಿಟ್ಟು ಯಾಕೆ ಆಗದು ಎಂದು ಹೇಳಿ ಎಂದು ಬರೆದಿದ್ದರೆಂದು ಎಷ್ಟೋ ವರ್ಷದ ಮೇಲೆ ಓದಿದೆ. ಮೇಷ್ಟ್ರು ಅದನ್ನು ಓದಿರಲಿಲ್ಲ.

2009ರ ಆಗಸ್ಟಿನಲ್ಲಿ ಪಿಜಿನ್ 2.6 ಬಂತು. ಗೂಗಲ್ ಟಾಕ್ ಬಳಸುವವರ ಜೊತೆ ಧ್ವನಿ, ವಿಡಿಯೋ ಎರಡೂ ಸಾಧ್ಯವಾಯಿತು, ಅದೂ ವಿಂಡೋಸಿನಲ್ಲಲ್ಲ, ಲಿನಕ್ಸಿನಲ್ಲಿ. ಗೂಗಲ್ ಟಾಕ್ ಜ್ಯಾಬರ್ ಎಂಬ ತೆರೆದ ಭಾಷೆ ಆಡುತ್ತಿತ್ತು, 1999ರಲ್ಲಿ ಜೆರೆಮಿ ಮಿಲ್ಲರ್ ಲೋಕಕ್ಕೆ ಬಿಟ್ಟದ್ದು. ಈ ಭಾಷೆಯಲ್ಲಿ ಒಂದು ಸೊಗಸಾದ ಪದ್ಧತಿ ಇದೆ: ಒಳಗೆ ಬಂದವರು ತಮ್ಮ ಕೈಲಿ ಏನೇನು ಆಗುತ್ತದೆ ಎಂದು ಮೊದಲೇ ಸಾರುತ್ತಾರೆ. ಬರಹ ಬರುತ್ತದೆ, ಧ್ವನಿ ಬರುತ್ತದೆ, ಕ್ಯಾಮೆರಾ ಇದೆ, ಹೀಗೆ. ಆ ಕಡೆಯವರು ಸಾರಿದ್ದರಷ್ಟೇ ಈ ಕಡೆ ‘ವಿಡಿಯೋ ಕಾಲ್’ ಕಪ್ಪಾಗುವುದು.

ಮೇಷ್ಟ್ರು ಇದನ್ನು ತಾವಾಗಿಯೇ ಕಂಡುಕೊಂಡರು. ಮಗಳು ಮನೆಯ ಕಂಪ್ಯೂಟರಿನಿಂದ ಜಿಮೇಲಿಗೆ ಬಂದರೆ ಸಾಲು ಕಪ್ಪು. ಆಫೀಸಿನಿಂದಲೋ ಫೋನಿನಿಂದಲೋ ಬಂದರೆ ಡಲ್. ಹೆಸರಿನ ಮುಂದಿನ ಹಸಿರು ಚುಕ್ಕಿ ಎರಡು ಸಲವೂ ಒಂದೇ. ಇವರು ಬಂದು ಕೂತವರೇ ಮಗಳಿಗೆ ಏನೂ ಬರೆಯದೆ ಮೆನು ತೆರೆಯುವುದು, ನೋಡುವುದು, ‘ಇನ್ನೂ ಆಫೀಸಲ್ಲೇ ಇದ್ದಾಳೆ. ಕೂಸನ್ನು ಯಾರು ನೋಡ್ಕೋತಿದ್ದಾರೋ’ ಎಂದು ಗೊಣಗುವುದು, ಮೆನು ಮುಚ್ಚುವುದು. ಹತ್ತು ನಿಮಿಷಕ್ಕೊಮ್ಮೆ ಮತ್ತೆ ತೆರೆಯುವುದು. ಸಾಲು ಕಪ್ಪಾದ ಕೂಡಲೇ ಅಂಗಿಯ ಕಾಲರು ಸರಿಮಾಡಿಕೊಳ್ಳುತ್ತಿದ್ದರು. ಡಲ್ ಸಾಲನ್ನು ಹೀಗೆ ಓದಿದವರನ್ನು ನಾನು ಬೇರೆ ಕಂಡಿಲ್ಲ.

2011ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರದ ಸೈಬರ್ ಕೆಫೆ ನಿಯಮಗಳು ಬಂದವು. ಬಂದವರ ಗುರುತಿನ ಚೀಟಿ ನೋಡಬೇಕು, ದಾಖಲೆಯನ್ನು ಒಂದು ವರ್ಷ ಇಡಬೇಕು, ನಡುವಿನ ಅಡ್ಡಗೋಡೆ ನಾಲ್ಕೂವರೆ ಅಡಿ ಮೀರಬಾರದು. ಬಡಗಿಯನ್ನು ಕರೆಸಿ ಪ್ಲೈವುಡ್ಡಿನ ತಲೆ ಒಂದಡಿ ಕೊಯ್ಯಿಸಿದೆ. ಅಷ್ಟರಲ್ಲಿ ಹುಡುಗರ ಜೇಬಿಗೇ ಇಂಟರ್‌ನೆಟ್ ಬರುತ್ತಿತ್ತು. 2013ರಲ್ಲಿ ಗೂಗಲ್ ತನ್ನ ಟಾಕನ್ನು ಹ್ಯಾಂಗೌಟ್ಸ್ ಮಾಡಿತು, ನಾನು ಕೆಫೆಯನ್ನು ಜೆರಾಕ್ಸ್ ಮಾಡಿದೆ. 2018ರ ಜುಲೈನಲ್ಲಿ ಯಾಹೂ ಮೆಸೆಂಜರ್ ಮುಚ್ಚಿತು, 2024ರ ಜೂನಿನಲ್ಲಿ ಐಸಿಕ್ಯೂ ಕೂಡ. ಈಗ ಮೆಸೆಂಜರಿನಲ್ಲಿ ಏನಾದರೂ ಸಿಗದಿದ್ದರೆ ಪಿನ್ನು ಬದಲಿಸುವುದಿಲ್ಲ, ಬಾಗಿಲು ತೆರೆಯುವುದಿಲ್ಲ. ಕಾರಣವಿರುವುದು ಯಾವುದೋ ದೇಶದ ಸರ್ವರಿನಲ್ಲಿ. ಎಷ್ಟೋ ಸಲ ಸಾಲು ಡಲ್ ಕೂಡ ಆಗಿರುವುದಿಲ್ಲ, ಇರುವುದೇ ಇಲ್ಲ. ನನ್ನಂಥವನು ‘ಲಾಗೌಟ್ ಆಗಿ ಲಾಗಿನ್ ಆಗಿ ನೋಡಿ’ ಎನ್ನುವುದು, ಅಜ್ಜಿ ನಿವಾಳಿಸಿ ಉಪ್ಪು ಒಲೆಗೆ ಹಾಕಿದ ಹಾಗೆ.

ಹೋದ ತಿಂಗಳು ಮೇಷ್ಟ್ರು ಮನೆಗೆ ಕರೆದರು. ವಯಸ್ಸು ಎಂಬತ್ತು ದಾಟಿದೆ. ಮಗಳು ಕೊಡಿಸಿದ ದೊಡ್ಡ ಪರದೆಯ ಕಂಪ್ಯೂಟರು, ಅದರಲ್ಲಿ ವಾಟ್ಸಾಪ್. ಬಡಾವಣೆಯ ಗುಂಪಿನಲ್ಲಿ ಯಾರೋ ಹಾಕಿದ ಆಮಂತ್ರಣದಲ್ಲಿ ಮೂರು ಕಾಗುಣಿತ ತಪ್ಪು. ತಿದ್ದಿ ಬರೆಯೋಣವೆಂದರೆ ಬರೆಯುವ ಜಾಗವೇ ಇಲ್ಲ. ನೋಡಿದೆ. ಆ ಜಾಗದಲ್ಲಿ ಕಾರಣ ಬರೆದೇ ಇತ್ತು: ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸಬಹುದು. 2018ರಿಂದ ಇರುವ ಏರ್ಪಾಡು. ಓದಿ ಹೇಳಿದೆ.

‘ಅಡ್ಮಿನ್ ಯಾರು?’

ಪಟ್ಟಿ ತೆರೆದು ತೋರಿಸಿದೆ. ಎರಡು ಬೀದಿಯಾಚೆ ಇರುವವರು, ಮೇಷ್ಟ್ರ ಹಳೇ ಶಿಷ್ಯ, ಅವರ ಕೈಲಿ ಒಂಬತ್ತನೇ ಕ್ಲಾಸಿನಲ್ಲಿ ಕಿವಿ ಹಿಂಡಿಸಿಕೊಂಡವರು.

‘ಇಷ್ಟು ಹತ್ತಿರದ್ದಾ?’ ಎಂದವರೇ ಎದ್ದು ಕೋಲು ತೆಗೆದುಕೊಂಡರು. ‘ನೀನು ಕಾಫಿ ಕುಡಿದು ಹೋಗು, ನಾನು ಬಂದೆ.’

ಸಂಜೆ ಕುತೂಹಲ ತಡೆಯದೆ ಫೋನ್ ಮಾಡಿ ಏನಾಯಿತು ಸಾರ್ ಎಂದೆ.

‘ಗೇಟಿಗೆ ಬೀಗ ಕಣಯ್ಯಾ’ ಎಂದರು.